‘ಸಲ್ಕಿ’ ಅಂದರೆ ಏನು? ಮುಖ ಊದಿಸಿಕೊಳ್ಳುವ ಇಂಗ್ಲಿಷ್ ಪದದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಒಂದೇ ಮಾತಲ್ಲಿ ಹೇಳಿ, ‘ಸಲ್ಕಿ’ ಅಂದರೆ ಏನು?

ಮುಖ ಊದಿಸಿಕೊಂಡಿರುವ. ಅರ್ಥ ಮಾತ್ರ ಬೇಕಿದ್ದವರು ಇಲ್ಲಿಗೇ ನಿಲ್ಲಿಸಬಹುದು.

ಸ್ವಲ್ಪ ಬಿಡಿಸಿ ನೋಡೋಣ. ಒಬ್ಬರಿಗೆ ಏನೋ ಬೇಕಿತ್ತು, ಸಿಗಲಿಲ್ಲ. ಅಥವಾ ಯಾರೋ ಏನೋ ಅಂದರು, ಮನಸ್ಸಿಗೆ ಚುಚ್ಚಿತು. ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಜಗಳಕ್ಕೂ ಬರುವುದಿಲ್ಲ. ಆದರೆ ಬೇಜಾರಾಗಿದೆ ಅನ್ನುವುದು ಸುತ್ತಲಿನವರಿಗೆಲ್ಲ ಗೊತ್ತಾಗುವ ಹಾಗೆ ಸುಮ್ಮನಿರುತ್ತಾರೆ. ಕರೆದರೆ ‘ಹೂಂ’. ಏನಾಯ್ತು ಅಂದರೆ ‘ಏನಿಲ್ಲ’. ಊಟಕ್ಕೆ ಬಾ ಅಂದರೆ ‘ಹಸಿವಿಲ್ಲ’. ಈ ಮೂರೂ ಉತ್ತರ ಒಂದರ ಹಿಂದೆ ಒಂದು ಬಂದರೆ ಇಂಗ್ಲಿಷಿನವರು ಆ ವ್ಯಕ್ತಿಯನ್ನು ‘ಸಲ್ಕಿ’ ಅನ್ನುತ್ತಾರೆ.

ಇದರಲ್ಲಿ ಬೇಸರ ಇದೆ, ಮೌನ ಇದೆ. ಜೊತೆಗೆ ನೋಡುವವರೂ ಇರಬೇಕು. ಯಾರೂ ಇಲ್ಲದ ಮನೆಯಲ್ಲಿ ಒಬ್ಬರೇ ಕೂತು ಬೇಜಾರು ಮಾಡಿಕೊಂಡರೆ ಅದು ದುಃಖ. ಬಾಗಿಲು ಅರ್ಧ ತೆರೆದಿಟ್ಟು ಗೋಡೆ ಕಡೆ ತಿರುಗಿ ಮಲಗಿದರೆ ಅದು ಸಲ್ಕಿ!

ಉಚ್ಚಾರ ಹೇಗೆ? ‘ಸುಲ್ಕಿ’ ಅಂತಲಾ?

ಅಲ್ಲ. ಅಕ್ಷರಗಳು ಎಸ್, ಯು, ಎಲ್, ಕೆ, ವೈ. ಆದರೆ ‘ಯು’ ಇಲ್ಲಿ ‘ಉ’ ಆಗುವುದಿಲ್ಲ. ‘ಬಸ್’, ‘ಕಪ್’ ಅನ್ನುವಾಗ ಬರುವ ಸ್ವರವೇ ಇಲ್ಲೂ ಬರುತ್ತದೆ. ‘ಬಲ್ಕ್’ ಗೊತ್ತಿದ್ದರೆ ‘ಸಲ್ಕ್’ ಗೊತ್ತಾದ ಹಾಗೆ. ಕೊನೆಗೆ ಒಂದು ‘ಇ’ ಸೇರಿಸಿದರಾಯಿತು.

ಕನ್ನಡದಲ್ಲಿ ಇದಕ್ಕೆ ಸರಿಯಾದ ಪದ ಯಾವುದು?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಉತ್ತರವೂ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ನಿಘಂಟು ತೆರೆದರೆ ಸಿಡುಕಿನ, ಮುನಿಸಿನ, ಜೋಲು ಮೋರೆಯ ಅನ್ನುವಂಥ ಪದಗಳು ಸಿಗುತ್ತವೆ. ಯಾವುದೂ ಪೂರ್ತಿ ಕೂರುವುದಿಲ್ಲ. ಸಿಡುಕು ಅಂದರೆ ಬಾಯಿಂದ ಸಿಡಿಯುವುದು. ಸಲ್ಕಿ ಆದವರು ಸಿಡಿಯುವುದಿಲ್ಲ, ಬಿಗಿಯುತ್ತಾರೆ. ಜೋಲು ಮೋರೆಯಲ್ಲಿ ಸೋತ ಭಾವ ಇದೆ, ಸಿಟ್ಟಿಲ್ಲ. ‘ಹರಳೆಣ್ಣೆ ಕುಡಿದ ಮುಖ’ ಅನ್ನುವ ಮಾತು ಚೆನ್ನಾಗಿದೆ. ಆದರೆ ಅದು ಮುಖ ಹೇಗಿದೆ ಅಂತ ಹೇಳುತ್ತದೆ, ಯಾಕೆ ಹಾಗಿದೆ ಅಂತ ಹೇಳುವುದಿಲ್ಲ.

ಇನ್ನೂ ಹತ್ತಿರ ಬರುವ ಮಾತುಗಳು ಮನೆಯಲ್ಲೇ ಇವೆ. ಮುಖ ಊದಿಸಿಕೊಂಡಿದ್ದಾನೆ. ಮೂತಿ ಉಬ್ಬಿಸಿಕೊಂಡು ಕೂತಿದ್ದಾಳೆ. ಮುಖ ಗಂಟು ಹಾಕಿಕೊಂಡು ಓಡಾಡುತ್ತಿದ್ದಾರೆ. ಮುಗುಮ್ಮಾಗಿದ್ದಾನೆ. ಮಾತು ಬಿಟ್ಟಿದ್ದಾಳೆ. ಮಕ್ಕಳಾದರೆ ‘ಠೂ ಬಿಟ್ಟಿದ್ದಾರೆ’. ಸ್ವಲ್ಪ ಹಳೆಯ ರುಚಿಯ ಪದ ಬೇಕಿದ್ದರೆ ‘ಸೆಡವು’ ಇದೆ. ಮುನಿಸಿಗೆ ಒಂದಿಷ್ಟು ಜಂಬ ಬೆರೆಸಿದರೆ ಸೆಡವಾಗುತ್ತದೆ. ಈಗ ಇದನ್ನು ಬಳಸುವವರು ಕಡಿಮೆ. ನನಗಂತೂ ಬಿಡಲು ಮನಸ್ಸಿಲ್ಲ.

ಈ ಮಾತುಗಳಲ್ಲಿ ಒಂದು ವಿಷಯ ಗಮನಿಸಿ. ಇಂಗ್ಲಿಷಿನ ‘ಸಲ್ಕಿ’ ಗುಣವಾಚಕ. ಕೆಂಪು, ದಪ್ಪ, ಉದ್ದ ಅನ್ನುವ ಹಾಗೆ ಅದು ಮನುಷ್ಯನಿಗೆ ಅಂಟಿಕೊಂಡ ಬಣ್ಣ. ಕನ್ನಡ ಇದನ್ನು ಬಣ್ಣ ಅಂದುಕೊಂಡಿಲ್ಲ, ಕೆಲಸ ಅಂದುಕೊಂಡಿದೆ. ಊದಿಸಿಕೊಳ್ಳು, ಉಬ್ಬಿಸಿಕೊಳ್ಳು, ಗಂಟು ಹಾಕಿಕೊಳ್ಳು, ಮುನಿಸಿಕೊಳ್ಳು. ಎಲ್ಲದರ ಬಾಲದಲ್ಲೂ ‘ಕೊಳ್ಳು’ ಇದೆ. ತನಗೆ ತಾನೇ ಮಾಡಿಕೊಂಡದ್ದು ಅಂತ ವ್ಯಾಕರಣವೇ ಹೇಳಿಬಿಡುತ್ತದೆ. ಮುಖ ತಾನಾಗಿ ಊದಿದರೆ ಹಲ್ಲು ನೋವು. ಊದಿಸಿಕೊಂಡರೆ ಸಲ್ಕಿ.

ಹಾಗಾಗಿ ಅನುವಾದ ಮಾಡುವವರಿಗೆ ನನ್ನ ಸಲಹೆ ಇಷ್ಟೇ. ಗುಣವಾಚಕಕ್ಕೆ ಗುಣವಾಚಕವನ್ನೇ ಹುಡುಕುತ್ತಾ ಕೂರಬೇಡಿ. ‘ಎ ಸಲ್ಕಿ ಬಾಯ್’ ಅನ್ನುವುದನ್ನು ‘ಮುನಿಸಿನ ಹುಡುಗ’ ಅಂದರೆ ಯಾವುದೋ ಊರಿನ ಹೆಸರಿನ ಹಾಗೆ ಕೇಳುತ್ತದೆ. ‘ಮುಖ ಊದಿಸಿಕೊಂಡಿದ್ದ ಹುಡುಗ’ ಅಂದುಬಿಡಿ.

ಹಾಗಾದರೆ ‘ಮುನಿಸು’ ಮತ್ತು ‘ಸಲ್ಕಿನೆಸ್’ ಒಂದೇ ಅಲ್ವಾ?

ಮೇಲಿನಿಂದ ನೋಡಿದರೆ ಒಂದೇ. ಒಳಗೆ ಬೇರೆ ಬೇರೆ.

ಮುನಿಸು ಇಬ್ಬರ ನಡುವೆ ಇರುವಂಥದ್ದು. ಯಾರ ಮೇಲೆ ಮುನಿಸು ಅನ್ನುವುದು ಗೊತ್ತಿರಬೇಕು. ಬೀದಿಯಲ್ಲಿ ಹೋಗುವವರ ಮೇಲೆ ಸಿಟ್ಟು ಮಾಡಿಕೊಳ್ಳಬಹುದು, ಮುನಿಸಿಕೊಳ್ಳುವುದಕ್ಕೆ ಆಗುವುದಿಲ್ಲ. ಮುನಿಸಿಕೊಳ್ಳಬೇಕಾದರೆ ಸಲುಗೆ ಬೇಕು. ಆ ಕಡೆಯವರು ಬಂದು ಸಮಾಧಾನ ಮಾಡುತ್ತಾರೆ, ರಮಿಸುತ್ತಾರೆ ಅನ್ನುವ ನಂಬಿಕೆಯೂ ಬೇಕು. ಯಾರೂ ಕೇಳುವವರಿಲ್ಲ ಅಂತ ಖಚಿತವಾದರೆ ಮುನಿಸು ಉಳಿಯುವುದಿಲ್ಲ. ಅದು ನೋವಾಗುತ್ತದೆ, ಇಲ್ಲವೇ ಹಗೆಯಾಗುತ್ತದೆ.

‘ಸಲ್ಕಿ’ ಪದಕ್ಕೆ ಈ ತಂಟೆ ಇಲ್ಲ. ಅದನ್ನು ಹೇಳುವವರು ಹೊರಗೆ ನಿಂತು ನೋಡುತ್ತಿರುವವರು. ಅವರಿಗೆ ಸ್ವಲ್ಪ ಕಿರಿಕಿರಿಯಾಗಿದೆ. ‘ಇಷ್ಟು ಸಣ್ಣ ವಿಷಯಕ್ಕೆ ಇದೆಲ್ಲಾ ಬೇಕಿತ್ತಾ’ ಅನ್ನುವ ದನಿ ಪದದ ಒಳಗೇ ಇದೆ. ಕನ್ನಡದಲ್ಲಿ ‘ಅವಳಿಗೆ ನನ್ನ ಮೇಲೆ ಮುನಿಸು’ ಅಂದರೆ ತಪ್ಪು ನನ್ನದೂ ಇರಬಹುದು ಅನ್ನುವ ಜಾಗ ಉಳಿಯುತ್ತದೆ. ಇಂಗ್ಲಿಷಿನಲ್ಲಿ ‘ಶಿ ಈಸ್ ಸಲ್ಕಿ’ ಅಂದರೆ ತಪ್ಪು ಪೂರ್ತಿ ಅವಳದೇ.

ಇನ್ನೊಂದು ಮಾತು. ಹಳೆಯ ಕನ್ನಡದಲ್ಲಿ ‘ಮುನಿ’ ಅಂದರೆ ನೇರವಾಗಿ ಸಿಟ್ಟಾಗು ಅಂತಲೇ ಅರ್ಥ. 12ನೇ ಶತಮಾನದ ವಚನದಲ್ಲಿ ಬರುವ ‘ಮುನಿಯಬೇಡ’ ಮುಖ ಊದಿಸಿಕೊಳ್ಳಬೇಡ ಅಂತಲ್ಲ, ಕೋಪ ಮಾಡಬೇಡ ಅಂತ. ಕಾಲ ಹೋಗುತ್ತಾ ಕೋಪ, ಸಿಟ್ಟು ಅನ್ನುವ ಪದಗಳು ಬಿಸಿಯನ್ನೆಲ್ಲಾ ತಾವು ತೆಗೆದುಕೊಂಡವು. ಮುನಿಸಿಗೆ ಬೆಚ್ಚಗಿನದು ಮಾತ್ರ ಉಳಿಯಿತು. ‘ಹುಸಿಮುನಿಸು’ ಅಂದರಂತೂ ಅದರಲ್ಲಿ ಕೋಪವೇ ಇಲ್ಲ, ಬರೀ ಪ್ರೀತಿ. ಹುಸಿಮುನಿಸಿಗೆ ‘ಸಲ್ಕಿ’ ಅಂತ ಮಾತ್ರ ದಯವಿಟ್ಟು ಅನುವಾದ ಮಾಡಬೇಡಿ. ‘ಮಾಕ್ ಆಂಗರ್’ ಅನ್ನಿ, ಪೂರ್ತಿ ಅಲ್ಲದಿದ್ದರೂ ಮುಕ್ಕಾಲು ಪಾಲು ಬರುತ್ತದೆ.

ಈ ಪದ ಎಲ್ಲಿಂದ ಬಂತು?

ಬರಹದಲ್ಲಿ ‘ಸಲ್ಕಿ’ ಮೊದಲು ಕಾಣುವುದು 1744ರಲ್ಲಿ. ಅದರ ಹುಟ್ಟು ಪೂರ್ತಿ ಬಗೆಹರಿದಿಲ್ಲ. ‘ಸಲ್ಕ್’ ಅಂತ ಒಂದು ಹಳೆಯ ಪದವಿತ್ತು, ಬೇಗ ಮಾರಾಟವಾಗದ ಸರಕಿಗೆ ಹಾಗೆ ಹೇಳುತ್ತಿದ್ದರು. ಅದೇ ಮೂಲ ಇರಬಹುದು ಅನ್ನುವುದು ಒಂದು ಊಹೆ. ನಿಧಾನವಾಗು, ಸೋಮಾರಿಯಾಗು ಅನ್ನುವ ಅರ್ಥದ ಪ್ರಾಚೀನ ಇಂಗ್ಲಿಷ್ ಕ್ರಿಯಾಪದಕ್ಕೂ ಇದಕ್ಕೂ ನಂಟಿದೆ ಅನ್ನುವುದು ಇನ್ನೊಂದು. ಎರಡರಲ್ಲೂ ‘ಅಲುಗಾಡದೆ ಕೂತಿದೆ’ ಅನ್ನುವ ಚಿತ್ರ ಇದೆ. ನನಗೆ ಮಾರಾಟವಾಗದ ಸರಕೇ ಇಷ್ಟ. ಅಂಗಡಿ ಮೂಲೆಯಲ್ಲಿ ಯಾರೂ ಕೇಳದೆ ಕೂತ ಮೂಟೆಗೂ ಮುಖ ಊದಿಸಿಕೊಂಡವರಿಗೂ ಹೋಲಿಕೆ ಇಲ್ಲ ಅನ್ನಲಾಗುವುದಿಲ್ಲ.

ಸ್ವಾರಸ್ಯ ಏನೆಂದರೆ, ‘ಸಲ್ಕ್’ ಅನ್ನುವ ಕ್ರಿಯಾಪದ ಆಮೇಲೆ ಹುಟ್ಟಿತು. ಸಾಮಾನ್ಯವಾಗಿ ಕ್ರಿಯಾಪದ ಮೊದಲಿರುತ್ತದೆ, ಅದರಿಂದ ಗುಣವಾಚಕ ಬರುತ್ತದೆ. ಇಲ್ಲಿ ತಿರುವು ಮುರುವು. ‘ಸಲ್ಕಿ’ಯ ಬಾಲ ಕತ್ತರಿಸಿ ‘ಸಲ್ಕ್’ ಮಾಡಿಕೊಂಡರು. ಅದು ಬರಹದಲ್ಲಿ ಸಿಗುವುದು 1781ರಿಂದ. ಅಂದರೆ ಸುಮಾರು 40 ವರ್ಷ ಇಂಗ್ಲಿಷಿನವರು ‘ಸಲ್ಕಿ’ ಆಗಿದ್ದರು, ಆದರೆ ‘ಸಲ್ಕ್’ ಮಾಡುತ್ತಿರಲಿಲ್ಲ.

ಕುದುರೆ ಗಾಡಿಗೂ ‘ಸಲ್ಕಿ’ ಅನ್ನುತ್ತಾರಂತೆ, ನಿಜವಾ?

ನಿಜ. ಎರಡು ಚಕ್ರ, ಒಂದು ಕುದುರೆ, ಒಬ್ಬರಿಗೆ ಮಾತ್ರ ಸೀಟು. ಪಕ್ಕದಲ್ಲಿ ಯಾರನ್ನೂ ಕೂರಿಸಿಕೊಳ್ಳುವುದಕ್ಕೆ ಜಾಗವೇ ಇಲ್ಲ. ಆ ಗಾಡಿಯಲ್ಲಿ ಹೋಗುವವರು ‘ನನಗೆ ಯಾರ ಸಹವಾಸವೂ ಬೇಡ’ ಅಂತ ಮುಖ ತಿರುಗಿಸಿಕೊಂಡು ಹೋಗುವ ಹಾಗೆ ಕಾಣುತ್ತಿತ್ತು. ಅದಕ್ಕೇ ಗಾಡಿಗೆ ಈ ಹೆಸರು ಬಿತ್ತು. 1756ರಿಂದ ಈ ಅರ್ಥ ಸಿಗುತ್ತದೆ. ಕುದುರೆಗೆ ಹಗುರ ಗಾಡಿ ಕಟ್ಟಿ ಓಡಿಸುವ ಹಾರ್ನೆಸ್ ರೇಸಿಂಗ್‌ನಲ್ಲಿ ಆ ಗಾಡಿಯನ್ನು ಈಗಲೂ ಸಲ್ಕಿ ಅಂತಲೇ ಕರೆಯುತ್ತಾರೆ. ಅಮೆರಿಕದಲ್ಲಿ ರೈತ ಕೂತು ಓಡಿಸಬಹುದಾದ ಒಂದು ನೇಗಿಲಿಗೂ ‘ಸಲ್ಕಿ ಪ್ಲೌ’ ಅನ್ನುವ ಹೆಸರಿತ್ತು. ಅದಕ್ಕೂ ಒಂದೇ ಸೀಟು.

ಹಾಗಾಗಿ ರೇಸಿನ ವರದಿಯಲ್ಲಿ ‘ಸಲ್ಕಿ’ ಕಂಡರೆ ಕುದುರೆ ಮುನಿಸಿಕೊಂಡಿದೆ ಅಂದುಕೊಳ್ಳಬೇಡಿ.

‘ಸಲ್ಕಿ’ಗೂ ‘ಸಲನ್’ಗೂ ಏನು ವ್ಯತ್ಯಾಸ?

ಕೇಳಲು ಅಣ್ಣತಮ್ಮಂದಿರ ಹಾಗಿವೆ. ಆದರೆ ಒಂದೇ ಬೇರಿನವಲ್ಲ. ‘ಸಲನ್’ ಬಂದದ್ದು ಲ್ಯಾಟಿನ್ನಿನ ‘ಸೋಲಸ್’ ಪದದಿಂದ, ಫ್ರೆಂಚಿನ ದಾರಿ ಹಿಡಿದು. ಸೋಲಸ್ ಅಂದರೆ ಒಬ್ಬಂಟಿ. ‘ಸೋಲೋ’ ಕೂಡ ಅದೇ ಕುಟುಂಬ. ಮೊದಲು ‘ಸಲನ್’ ಅಂದರೂ ಒಂಟಿ ಅಂತಲೇ ಇತ್ತು. ಒಂಟಿಯಾಗಿರುವವರು ಬೇಸರದಲ್ಲೇ ಇರುತ್ತಾರೆ ಅಂತ ಜನ ತೀರ್ಮಾನಿಸಿದರು, ಅರ್ಥ ಜಾರಿತು. ಒಬ್ಬರೇ ಖುಷಿಯಾಗಿರುವವರಿಗೆ ಇದು ಅನ್ಯಾಯ, ಏನು ಮಾಡುವುದು!

ಬಳಕೆಯಲ್ಲಿ ಹೀಗೆ ನೆನಪಿಡಿ. ಸಲ್ಕಿ ತೆಳು, ಸಲನ್ ದಟ್ಟ. ಸಲ್ಕಿ ಸಂಜೆಯೊಳಗೆ ಇಳಿಯುತ್ತದೆ, ಸಲನ್ ವಾರಗಟ್ಟಲೆ ಇರಬಹುದು. ಸಲ್ಕಿ ಆಗಿರುವವರು ನೀವು ಬಂದು ಮಾತಾಡಿಸಲಿ ಅಂತ ಕಾಯುತ್ತಿರುತ್ತಾರೆ. ಸಲನ್ ಆಗಿರುವವರಿಗೆ ನೀವು ಹತ್ತಿರ ಬರುವುದೇ ಬೇಡ. ತಿನಿಸು ಕೊಡಿಸದಿದ್ದಕ್ಕೆ ಮೂತಿ ಉಬ್ಬಿಸಿದ ಮಗು ಸಲ್ಕಿ. ವಿಚಾರಣೆ ವೇಳೆ ಒಂದು ಮಾತಿಗೂ ಉತ್ತರ ಕೊಡದೆ ನೆಲ ನೋಡುತ್ತಾ ಕೂತವನು ಸಲನ್. ಅಲ್ಲಿ ‘ಸಲ್ಕಿ’ ಬಳಸಿದರೆ ನಗು ಬರುತ್ತದೆ.

ಮೋಡ ಕವಿದು ಮಂಕಾದ ಆಕಾಶಕ್ಕೂ ‘ಸಲನ್ ಸ್ಕೈ’ ಅನ್ನುತ್ತಾರೆ. ಇದಕ್ಕೆ ‘ಮುಖ ಗಂಟಿಕ್ಕಿದ ಆಕಾಶ’ ಅಂದರೆ ಕನ್ನಡದಲ್ಲೂ ಸೊಗಸಾಗಿ ಕೂರುತ್ತದೆ.

ಪೆಟ್ಯುಲೆಂಟ್, ಮೂಡಿ, ಸರ್ಲಿ, ಗ್ರಂಪಿ, ಸ್ಟ್ರಾಪಿ... ಇವೆಲ್ಲಾ ಒಂದೇ ತಾನೇ?

ಒಂದೇ ಬೀದಿಯ ಬೇರೆ ಬೇರೆ ಮನೆಗಳು.

ಪೆಟ್ಯುಲೆಂಟ್‌ಗೆ ಬಾಯಿ ಜಾಸ್ತಿ. ‘ನಂಗೆ ಬೇಡ ಅಂದ್ರೆ ಬೇಡ’ ಅಂತ ಕೈಕಾಲು ಕುಟ್ಟುವ, ರಚ್ಚೆ ಹಿಡಿಯುವ ಸ್ವಭಾವ. ಲ್ಯಾಟಿನ್ನಿನಲ್ಲಿ ಇದರ ಬೇರಿಗೆ ಮೇಲೆ ಬೀಳು, ಗುರಿಯಿಡು ಅನ್ನುವ ಅರ್ಥ ಇದೆ. ಇಂಗ್ಲಿಷಿಗೆ ಬಂದ ಹೊಸದರಲ್ಲಿ ಇದರ ಅರ್ಥ ನಾಚಿಕೆಗೆಟ್ಟ, ಉದ್ಧಟ ಅಂತಿತ್ತು. ಸಣ್ಣ ಬುದ್ಧಿಯ ಸಿಡುಕು ಅನ್ನುವುದು ಆಮೇಲೆ ಸೇರಿದ್ದು. ದೊಡ್ಡವರಿಗೆ ಇದನ್ನು ಬಳಸಿದರೆ ‘ಮಕ್ಕಳ ಹಾಗೆ ಆಡುತ್ತಿದ್ದೀರಿ’ ಅಂದ ಹಾಗೆ.

ಮೂಡಿ ಅಂದರೆ ಗಳಿಗೆಗೊಂದು ಬಣ್ಣ. ಈಗ ನಗು, ಇನ್ನೊಂದು ಕ್ಷಣಕ್ಕೆ ಗಂಟು ಮುಖ. ಕಾರಣವೇ ಬೇಕಿಲ್ಲ. ಸಲ್ಕಿಗಾದರೆ ಕಾರಣ ಇದ್ದೇ ಇರುತ್ತದೆ, ಎಷ್ಟೇ ಸಣ್ಣದಾಗಿರಲಿ. ಪ್ರಾಚೀನ ಇಂಗ್ಲಿಷಿನಲ್ಲಿ ಇದೇ ಪದದ ಹಳೆಯ ರೂಪಕ್ಕೆ ಧೈರ್ಯಶಾಲಿ ಅನ್ನುವ ಅರ್ಥವಿತ್ತು. ಎಲ್ಲಿಂದ ಎಲ್ಲಿಗೆ ಬಂತು ನೋಡಿ. ಅಂದ ಹಾಗೆ ನಾವು ಹೇಳುವ ‘ಮೂಡ್ ಆಫ್ ಆಗಿದೆ’ ಇಂಗ್ಲಿಷ್ ತಾಯ್ನುಡಿಯವರಿಗೆ ಸಾಮಾನ್ಯವಾಗಿ ಅರ್ಥವಾಗುವುದಿಲ್ಲ. ‘ಇನ್ ಎ ಬ್ಯಾಡ್ ಮೂಡ್’ ಅನ್ನಬೇಕು.

ಸರ್ಲಿಯ ಕತೆ ನನಗೆ ಬಹಳ ಇಷ್ಟ. ಇದರ ಮೂಲ ‘ಸರ್’. ಹೌದು, ನಾವು ದಿನಕ್ಕೆ ನೂರು ಸಲ ಹೇಳುವ ಅದೇ ‘ಸರ್’. ‘ಸರ್ಲಿ’ ಅಂದರೆ ಮೊದಲು ದೊರೆಯ ಠೀವಿಯುಳ್ಳ ಅಂತ ಇತ್ತು. ಠೀವಿ ದರ್ಪವಾಯಿತು, ದರ್ಪ ಒರಟುತನವಾಯಿತು. ಈಗ ಸರ್ಲಿ ಅಂದರೆ ಮಾತಾಡಿಸಿದರೆ ಕಚ್ಚುವ ಹಾಗೆ ಉತ್ತರ ಕೊಡುವವರು. ಕೌಂಟರಿನ ಆಚೆ ಕೂತು ‘ಏನು?’ ಅಂತ ತಲೆ ಎತ್ತದೆ ಕೇಳುವವರನ್ನು ನೆನೆಸಿಕೊಳ್ಳಿ.

ಗ್ರಂಪಿ ಅಂದರೆ ಗೊಣಗುವವರು, ಮೃದು ಪದ, ಅಜ್ಜಂದಿರಿಗೂ ಬೆಕ್ಕುಗಳಿಗೂ ಪ್ರೀತಿಯಿಂದ ಬಳಸಬಹುದು. ಸ್ಟ್ರಾಪಿ ಬ್ರಿಟನ್ನಿನ ಆಡುಮಾತು, ಎಗರಾಡುವವರಿಗೆ. ಹಫಿ ಅಂದರೆ ಅವಮಾನವಾಯಿತು ಅಂತ ಬುಸ್ ಅನ್ನುವುದು. ‘ಹಫ್’ ಅನ್ನುವುದೇ ಉಸಿರು ಬಿಡುವ ಸದ್ದು. ‘ಇನ್ ಎ ಹಫ್’ ಎದ್ದು ಹೋದರು ಅಂದರೆ ಧುಮುಗುಟ್ಟುತ್ತಾ ಎದ್ದು ಹೋದರು ಅಂತ.

ವಾಕ್ಯದಲ್ಲಿ ಬಳಸುವುದು ಹೇಗೆ?

ನಾಮಪದದ ಮುಂದೆಯೂ ಇಡಬಹುದು, ವಾಕ್ಯದ ಕೊನೆಗೂ ಇಡಬಹುದು. ‘ಎ ಸಲ್ಕಿ ಫೇಸ್’ ಅಂದರೆ ಊದಿಸಿಕೊಂಡ ಮುಖ. ‘ಹಿ ಈಸ್ ಸಲ್ಕಿ ಟುಡೇ’ ಅಂದರೆ ಇವತ್ತು ಮುಖ ಊದಿಸಿಕೊಂಡಿದ್ದಾನೆ. ಆಗಿಬಿಟ್ಟ ಬದಲಾವಣೆ ಹೇಳಬೇಕಾದರೆ ‘ಗಾಟ್ ಸಲ್ಕಿ’, ‘ಟರ್ನ್ಡ್ ಸಲ್ಕಿ’. ಕಾರಣ ಹೇಳಬೇಕಾದರೆ ‘ಅಬೌಟ್’ ಸೇರಿಸಿ. ‘ಶಿ ವಾಸ್ ಸಲ್ಕಿ ಅಬೌಟ್ ಲೂಸಿಂಗ್ ದ ಗೇಮ್’, ಆಟದಲ್ಲಿ ಸೋತದ್ದಕ್ಕೆ ಮುಖ ಗಂಟು ಹಾಕಿಕೊಂಡಿದ್ದಳು.

ಹೋಲಿಕೆಗೆ ಸಲ್ಕಿಯರ್, ಸಲ್ಕಿಯೆಸ್ಟ್. ಬರೆಯುವಾಗ ಕೊನೆಯ ‘ವೈ’ ಹೋಗಿ ‘ಐ’ ಬರುತ್ತದೆ. ಕ್ರಿಯಾವಿಶೇಷಣ ಸಲ್ಕಿಲಿ, ನಾಮಪದ ಸಲ್ಕಿನೆಸ್.

ಮಾತಿನಲ್ಲಿ ಗುಣವಾಚಕಕ್ಕಿಂತ ಕ್ರಿಯಾಪದವೇ ಜಾಸ್ತಿ ಓಡುತ್ತದೆ. ‘ಸ್ಟಾಪ್ ಸಲ್ಕಿಂಗ್’ ಅನ್ನುವುದು ಮಕ್ಕಳಿರುವ ಮನೆಗಳ ನಿತ್ಯದ ಮಾತು. ‘ಹಿ ಈಸ್ ಇನ್ ಎ ಸಲ್ಕ್’ ಅಂತಲೂ ಹೇಳುತ್ತಾರೆ. ಸಲ್ಕ್ ಅನ್ನುವುದು ಒಂದು ಕೋಣೆ, ಅವನು ಅದರೊಳಗೆ ಹೋಗಿ ಕೂತಿದ್ದಾನೆ ಅನ್ನುವ ಹಾಗೆ.

‘ಅವಳು ನನ್ನ ಮೇಲೆ ಮುನಿಸಿಕೊಂಡಿದ್ದಾಳೆ’ ಅನ್ನುವುದನ್ನು ‘ಶಿ ಈಸ್ ಸಲ್ಕಿ ಆನ್ ಮಿ’ ಅನ್ನಬೇಡಿ. ಆ ‘ಮೇಲೆ’ ಕನ್ನಡದ್ದು. ಇಂಗ್ಲಿಷಿನಲ್ಲಿ ಮುನಿಸನ್ನು ಯಾರ ಮೇಲೂ ಹಾಕುವುದಿಲ್ಲ. ‘ಶಿ ಈಸ್ ಅಪ್‌ಸೆಟ್ ವಿತ್ ಮಿ’ ಅಂದರೆ ಮುಗಿಯಿತು.

‘ಐ ಆ್ಯಮ್ ಸಲ್ಕಿ’ ಅಂತ ನನ್ನ ಬಗ್ಗೆ ನಾನೇ ಹೇಳಿಕೊಳ್ಳಬಹುದಾ?

ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಯಾರೂ ಹಾಗೆ ಹೇಳುವುದಿಲ್ಲ. ಮುಖ ಊದಿಸಿಕೊಂಡವರು ಅದನ್ನು ಒಪ್ಪಿಕೊಂಡ ಕ್ಷಣಕ್ಕೆ ಗಾಳಿ ಇಳಿದುಹೋಗುತ್ತದಲ್ಲ! ಹಿಂದಿನದನ್ನು ನೆನೆದು ನಗುತ್ತಾ ‘ಐ ವಾಸ್ ಅ ಬಿಟ್ ಸಲ್ಕಿ ಯೆಸ್ಟರ್ಡೇ’ ಅನ್ನಬಹುದು. ಅದು ಚಂದ. ಕ್ಷಮೆ ಕೇಳುವ ಕೆಲಸವೂ ಅರ್ಧ ಆದ ಹಾಗೆ.

ಮಕ್ಕಳಿಗೆ ಮಾತ್ರ ಬಳಸುವ ಪದವಾ?

ಮಕ್ಕಳಿಗೂ ಹದಿಹರೆಯದವರಿಗೂ ಹೆಚ್ಚು. ಆದರೆ ಮುನಿಸಿಗೆ ವಯಸ್ಸಿಲ್ಲ. ಟ್ರಾಯ್ ಯುದ್ಧದ ಗ್ರೀಕ್ ಕತೆಯಲ್ಲಿ ಮಹಾವೀರ ಅಕಿಲೀಸ್ ಮಾಡಿದ್ದೇನು? ಅವನ ಪಾಲಿಗೆ ಬಂದಿದ್ದ ಬ್ರಿಸೆಯಿಸ್ ಎಂಬ ಹೆಣ್ಣನ್ನು ಸೇನಾಧಿಪತಿ ಅಗಮೆಮ್ನನ್ ಕಿತ್ತುಕೊಂಡ. ಅಕಿಲೀಸ್ ಯುದ್ಧಕ್ಕೇ ಬರುವುದಿಲ್ಲ ಅಂತ ಡೇರೆಯಲ್ಲಿ ಕೂತುಬಿಟ್ಟ. ರಾಯಭಾರ ಬಂತು, ಉಡುಗೊರೆಗಳ ಮಾತು ಬಂತು, ಜಗ್ಗಲಿಲ್ಲ. ಇವತ್ತಿಗೂ ಇಂಗ್ಲಿಷಿನಲ್ಲಿ ‘ಅಕಿಲೀಸ್‌ನ ಹಾಗೆ ಡೇರೆಯಲ್ಲಿ ಸಲ್ಕ್ ಮಾಡುವುದು’ ಅನ್ನುವ ಮಾತಿದೆ.

ನಮಗೆ ಕೈಕೇಯಿ ನೆನಪಾಗುತ್ತಾಳೆ. ಒಡವೆ ಕಿತ್ತೆಸೆದು, ಕೋಪಾಗಾರದ ಬರಿ ನೆಲದ ಮೇಲೆ ಮಲಗಿ, ದಶರಥ ಬಂದು ಕೇಳುವ ತನಕ ಕಾದಳು. ಅವಳನ್ನು ಸಲ್ಕಿ ಅನ್ನಬಹುದಾ? ಮೊದಲ ಅರ್ಧ ಗಂಟೆಗೆ ಅನ್ನಬಹುದೇನೋ. ಎರಡು ವರ ಕೇಳಿದ ಮೇಲೆ ಆ ಪದ ಸಾಲುವುದಿಲ್ಲ.

ಮುನಿಸಿಗೇ ಒಂದು ಕೋಣೆ ಇಡುವುದು ಬೇರೆ ಕಡೆಯೂ ಇದೆಯಾ?

ಇದೆ, ಕನಿಷ್ಠ ಪದದಲ್ಲಾದರೂ ಇದೆ. ಫ್ರೆಂಚಿನಲ್ಲಿ ‘ಬೂದೆ’ ಅಂದರೆ ಮುಖ ಊದಿಸಿಕೊಳ್ಳು. ಅದರಿಂದ ಬಂದದ್ದು ‘ಬೂದ್ವಾರ್’. ಸಿರಿವಂತರ ಮನೆಯಲ್ಲಿ ಹೆಂಗಸರಿಗೆ ಮೀಸಲಾದ ಚಿಕ್ಕ ಖಾಸಗಿ ಕೋಣೆ. ಅಕ್ಷರಶಃ ನೋಡಿದರೆ ಮುಖ ಊದಿಸಿಕೊಳ್ಳುವ ಜಾಗ. 18ನೇ ಶತಮಾನದಲ್ಲಿ ಈ ಪದ ಇಂಗ್ಲಿಷಿಗೂ ಬಂತು. ಈಗ ಅದನ್ನು ಕೇಳಿದವರಿಗೆ ಕನ್ನಡಿ, ಪರದೆ, ಅಲಂಕಾರ ನೆನಪಾಗುತ್ತದೆ. ಕೋಪಾಗಾರ ಮರೆತುಹೋಗಿದೆ.

ಜಪಾನಿ ಭಾಷೆಯಲ್ಲಿ ‘ಫುಕುರೇರು’ ಅಂದರೆ ಊದು ಅಂತಲೂ ಹೌದು, ಮುನಿಸಿಕೊಳ್ಳು ಅಂತಲೂ ಹೌದು. ನಮ್ಮದೇ ಮಾತು ಸಮುದ್ರದಾಚೆ ಸಿಕ್ಕಿದ ಹಾಗಾಯಿತು. ಜರ್ಮನ್ನರು ಹೀಗೆ ಕೂತವರನ್ನು ‘ಅವಮಾನಗೊಂಡ ಲಿವರ್ ಸಾಸೇಜ್’ ಅನ್ನುತ್ತಾರೆ, ಯಾಕೆ ಅಂತ ಕೇಳಬೇಡಿ.

ಮುನಿಸಿಗೆ ತೀರಾ ಹತ್ತಿರದ ಪದ ಫಿಲಿಪೀನ್ಸಿನ ತಗಾಲೊಗ್ ಭಾಷೆಯಲ್ಲಿದೆ. ‘ತಾಂಪೊ’. ಪ್ರೀತಿಪಾತ್ರರಿಂದ ನೋವಾಗಿ ಮಾತು ನಿಲ್ಲಿಸುವುದು, ಅವರು ಬಂದು ಓಲೈಸುವ ತನಕ ಕಾಯುವುದು. ಕೇಳಲು ನಮ್ಮ ‘ತಂಪು’ ಇದ್ದ ಹಾಗಿದೆ, ಆದರೆ ನಂಟೇನೂ ಇಲ್ಲ. ಹಿಂದಿಯಲ್ಲೂ ‘ರೂಠ್‌ನಾ’ ಅಂದರೆ ಅದರ ಜೋಡಿ ‘ಮನಾನಾ’ ತಾನಾಗಿ ನಾಲಿಗೆಗೆ ಬರುತ್ತದೆ. ಇಂಗ್ಲಿಷಿನ ‘ಸಲ್ಕಿ’ಗೆ ಇಂಥ ಜೋಡಿ ಪದ ಇಲ್ಲ. ಅದು ಆ ಕುದುರೆ ಗಾಡಿಯ ಹಾಗೆ, ಒಂದೇ ಸೀಟು.

ಆಫೀಸಿನಲ್ಲಿ, ಇಮೇಲಿನಲ್ಲಿ ಬಳಸಬಹುದಾ?

ಬೇಡ. ಸಹೋದ್ಯೋಗಿಯೊಬ್ಬರು ಮೀಟಿಂಗಿನಲ್ಲಿ ‘ಸಲ್ಕಿ’ ಆಗಿದ್ದರು ಅಂತ ಬರೆದರೆ ಅವರನ್ನು ಮಗು ಮಾಡಿದ ಹಾಗೆ. ಅವರ ತಕರಾರಿನಲ್ಲಿ ಹುರುಳಿಲ್ಲ ಅಂತ ನೀವೇ ತೀರ್ಪು ಕೊಟ್ಟ ಹಾಗೂ ಆಗುತ್ತದೆ. ಹೆಂಗಸರ ಬಗ್ಗೆ ಬಳಸಿದರೆ ಇನ್ನೂ ಕೆಟ್ಟದಾಗಿ ಕೇಳುತ್ತದೆ. ‘ಡಿಸಪಾಯಿಂಟೆಡ್’, ‘ಅನ್‌ಹ್ಯಾಪಿ ವಿತ್ ದ ಡಿಸಿಷನ್’ ಅಂದರೆ ವಿಷಯ ತಲುಪುತ್ತದೆ, ಮುಖ ಉಳಿಯುತ್ತದೆ.

ವಸ್ತುಗಳಿಗೆ, ಪ್ರಾಣಿಗಳಿಗೆ ಬಳಸುತ್ತಾರಾ?

ಬಳಸುತ್ತಾರೆ. ಎಷ್ಟು ಊದಿದರೂ ಹತ್ತಿಕೊಳ್ಳದೆ ಹೊಗೆಯಾಡುವ ಬೆಂಕಿಗೆ ಹಳೆಯ ಇಂಗ್ಲಿಷ್ ಬರಹಗಳಲ್ಲಿ ‘ಸಲ್ಕಿ ಫೈರ್’ ಅಂದಿದ್ದಾರೆ. ಹಸಿ ಸೌದೆ ಒಲೆ ಊದಿದವರಿಗೆ ಇದನ್ನು ವಿವರಿಸಬೇಕಿಲ್ಲ. ಗಾಳದಲ್ಲಿ ಸಾಲ್ಮನ್ ಮೀನು ಹಿಡಿಯುವವರು ಇನ್ನೊಂದು ಹೇಳುತ್ತಾರೆ. ಕೊಕ್ಕೆಗೆ ಸಿಕ್ಕ ಮೀನು ಕೆಲವೊಮ್ಮೆ ಓಡಾಡುವುದು ಬಿಟ್ಟು ತಳಕ್ಕೆ ಹೋಗಿ ಕಲ್ಲಿನ ಹಾಗೆ ನಿಂತುಬಿಡುತ್ತದೆ. ಎಳೆದರೂ ಬರುವುದಿಲ್ಲ. ಆಗ ‘ದ ಫಿಶ್ ಈಸ್ ಸಲ್ಕಿಂಗ್’.

‘ಸಿಲ್ಕಿ’, ‘ಸಲ್ಟ್ರಿ’ ಜೊತೆ ಗೊಂದಲ ಆಗುತ್ತದೆ.

ಆಗುತ್ತದೆ, ನನಗೇ ಆಗಿದೆ. ಒಂದು ಕತೆ ಅನುವಾದ ಮಾಡುವಾಗ ‘ಸಲ್ಕಿ ವಾಯ್ಸ್’ ಅನ್ನುವುದನ್ನು ‘ಸಿಲ್ಕಿ’ ಅಂತ ಓದಿಕೊಂಡೆ. ‘ರೇಷ್ಮೆಯಂಥ ದನಿಯಲ್ಲಿ ಉತ್ತರಿಸಿದಳು’ ಅಂತ ಬರೆದೆ. ಮುಂದಿನ ಸಾಲಿನಲ್ಲಿ ಅವಳು ತಟ್ಟೆ ನೂಕಿ ಎದ್ದು ಹೋಗುತ್ತಾಳೆ. ರೇಷ್ಮೆ ದನಿಯವಳು ಯಾಕೆ ತಟ್ಟೆ ನೂಕಿದಳು ಅಂತ ಎರಡು ದಿನ ತಲೆ ಕೆಡಿಸಿಕೊಂಡಿದ್ದೆ. ಒಂದೇ ಅಕ್ಷರ, ‘ಯು’ ಬದಲು ‘ಐ’.

ಸಲ್ಟ್ರಿ ಬೇರೆಯೇ ಪದ. ಗಾಳಿಯಾಡದೆ ಬೆವರು ಕಿತ್ತು ಬರುವ ಸೆಕೆಗೆ ಸಲ್ಟ್ರಿ. ಮಾದಕ ನೋಟಕ್ಕೂ ಅದನ್ನೇ ಅನ್ನುತ್ತಾರೆ. ಅದನ್ನು ಸಲ್ಕಿ ಜೊತೆ ಅದಲು ಬದಲು ಮಾಡಿದರೆ ಆಗುವ ಅನಾಹುತ ನೀವೇ ಊಹಿಸಿಕೊಳ್ಳಿ.

ಎಮೋಜಿಯಲ್ಲಿ ಸಲ್ಕಿ ಮುಖ ಯಾವುದು?

ಕೋಪದಿಂದ ಕೆಂಪಾದ ಮುಖದ ಎಮೋಜಿ ಇದೆಯಲ್ಲ, 2010ರಲ್ಲಿ ಯೂನಿಕೋಡಿಗೆ ಸೇರಿದಾಗ ಅದಕ್ಕೆ ಇಟ್ಟ ಹೆಸರು ‘ಪೌಟಿಂಗ್ ಫೇಸ್’. ಅಂದರೆ ಮೂತಿ ಉಬ್ಬಿಸಿದ ಮುಖ. ಬಳಸುವವರು ಮಾತ್ರ ಅದನ್ನು ಕೆಂಡಾಮಂಡಲ ಸಿಟ್ಟಿಗೇ ಬಳಸುತ್ತಾರೆ. ಹೆಸರು ಒಂದು, ಮುಖ ಇನ್ನೊಂದು. ನಿಜವಾದ ಸಲ್ಕಿಗೆ ಎಮೋಜಿಯೇ ಬೇಡ. ಮೆಸೇಜ್ ಓದಿ, ನೀಲಿ ಟಿಕ್ ಬೀಳಿಸಿ, ಉತ್ತರ ಕೊಡದೆ ಇದ್ದರೆ ಸಾಕು.

ಸಲ್ಕಿ ಸ್ವಭಾವ ಒಂದು ಕಾಯಿಲೆಯಾ?

ಅಲ್ಲ. 1952ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಹೊರತಂದ ಮೊದಲ ಕೈಪಿಡಿಯಲ್ಲಿ ‘ಪ್ಯಾಸಿವ್ ಅಗ್ರೆಸಿವ್’ ವರ್ತನೆಯ ವಿವರಣೆ ಇತ್ತು. ಅಲ್ಲಿ ಕೊಟ್ಟ ಉದಾಹರಣೆಗಳಲ್ಲಿ ಮೂತಿ ಉಬ್ಬಿಸುವುದು, ಹಟ, ಕೆಲಸ ಮುಂದೂಡುವುದು ಎಲ್ಲಾ ಇದ್ದವು. ಸಿಟ್ಟನ್ನು ನೇರ ತೋರಿಸದೆ ಅಡ್ಡದಾರಿಯಲ್ಲಿ ತೋರಿಸುವುದು ಅಂತ ಅದರ ಸಾರ. ಆದರೆ ಆಗಾಗ ಮುಖ ಊದಿಸಿಕೊಳ್ಳುವವರೆಲ್ಲ ಅದರ ಲೆಕ್ಕಕ್ಕೆ ಬರುವುದಿಲ್ಲ.

ಒಂದು ಎಚ್ಚರ ಮಾತ್ರ ಇರಲಿ. ಎರಡು ವಾರಕ್ಕೂ ಮೇಲೆ ಯಾರಾದರೂ ಮಂಕಾಗಿ, ನಿದ್ದೆ ಊಟ ಬಿಟ್ಟು, ಇಷ್ಟದ ಕೆಲಸದಲ್ಲೂ ಆಸಕ್ತಿ ಕಳೆದುಕೊಂಡಿದ್ದರೆ ಅವರಿಗೆ ‘ಸಲ್ಕಿ’ ಅನ್ನುವ ಚೀಟಿ ಅಂಟಿಸಬೇಡಿ. ಅದು ಖಿನ್ನತೆ ಇರಬಹುದು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಮುಖ ಊದಿಸಿಕೊಂಡವರಿಗೆ ‘ಡೋಂಟ್ ಬಿ ಸಲ್ಕಿ’ ಅನ್ನಬಹುದಾ?

ವಾಕ್ಯ ಸರಿ ಇದೆ. ಕೆಲಸ ಮಾಡುವುದಿಲ್ಲ. ‘ಐ ಆ್ಯಮ್ ನಾಟ್ ಸಲ್ಕಿಂಗ್’ ಅಂತ ದಿಂಬಿನ ಒಳಗಿನಿಂದ ಉತ್ತರ ಬರುತ್ತದೆ. ಕನ್ನಡದಲ್ಲಿ ಕೇಳಿ ನೋಡಿ, ಉತ್ತರ ‘ಏನಿಲ್ಲ’.